ಬಿಷಪರ ಪುಸ್ತಕದ ಕೊನೆಯ ಪುಟ

ನನ್ನ ಗಂಡನನ್ನು ಕುವೈತಿನ ಮಣ್ಣಿನಲ್ಲೇ ಬಿಟ್ಟು ಬರಬೇಕಾಯಿತು. ಅದು 1990ರ ಆಗಸ್ಟ್. ಇರಾಕಿನ ಸೈನ್ಯ ಊರೊಳಗೆ ಬಂದು ಹೆಚ್ಚು ದಿನಗಳಾಗಿರಲಿಲ್ಲ. ಅವರು ಒಂದು ಬೆಳಿಗ್ಗೆ ಚಹಾ ಕುಡಿದು ಎದೆ ಹಿಡಿದುಕೊಂಡು ಕುಳಿತರು. ಅವರ ತಮ್ಮ ಹೇಗೋ ಒಂದು ಕಾರು ಮಾಡಿ ಆಸ್ಪತ್ರೆಗೆ ಒಯ್ದ. ಅಲ್ಲಿ ಡಾಕ್ಟರು, ನರ್ಸುಗಳು ಅರ್ಧಕ್ಕರ್ಧ ಊರು ಬಿಟ್ಟಿದ್ದರು. ಉಳಿದವರು ಕೈಲಾದದ್ದನ್ನು ಮಾಡಿದರು. ಮಧ್ಯಾಹ್ನಕ್ಕೆ ಎಲ್ಲ ಮುಗಿದಿತ್ತು. ವಿಮಾನಗಳು ನಿಂತಿದ್ದರಿಂದ ಊರಿಗೆ ಕಳಿಸುವ ಮಾತೇ ಇರಲಿಲ್ಲ. ಕ್ರಿಶ್ಚಿಯನ್ ಸ್ಮಶಾನದಲ್ಲಿ ಒಂದು ಜಾಗ ಸಿಕ್ಕಿತು. ಚರ್ಚಿನ ಹಿರಿಯರೊಬ್ಬರು ಪ್ರಾರ್ಥನೆ ಹೇಳಿದರು. ಮರದ ಶಿಲುಬೆಯ ಮೇಲೆ ಹೆಸರನ್ನು ಮೈದುನ ಬರೆದ. ಆಸ್ಪತ್ರೆಯ ಕಾಗದಗಳಿಗೂ ಅವನೇ ಸಹಿ ಹಾಕಿದ. ನಾನು ನಿಂತಿದ್ದೆ, ಅಷ್ಟೆ.

ನನ್ನ ಗಂಡ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್ ಆಗಿದ್ದರು. ನಾನು ಕುವೈತ್ ಸಿಟಿಯ ಒಂದು ವ್ಯಾಪಾರದ ಆಫೀಸಿನಲ್ಲಿ ಟೈಪಿಸ್ಟ್. ಓದಿದ್ದು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ, ಮೇಲೆ ಟೈಪಿಂಗ್ ಪರೀಕ್ಷೆ. ಮನೆ ಖೈತಾನಿನಲ್ಲಿ. ಮೈದುನ ಕೆಲಸ ಮಾಡುತ್ತಿದ್ದ ಹೋಟೆಲ್ ಮುಚ್ಚಿದ್ದರಿಂದ ಅವನು ನಮ್ಮಲ್ಲಿಗೇ ಬಂದು ಹಾಲ್‌ನಲ್ಲಿ ಮಲಗುತ್ತಿದ್ದ. ನನ್ನನ್ನು ವೊನಿ ಎಂದು ಕರೆಯುತ್ತಾನೆ. ನಮ್ಮ ಮನೆಮಾತು ಕೊಂಕಣಿಯಲ್ಲಿ ಅತ್ತಿಗೆಗೆ ಹಾಗೆ ಹೇಳುತ್ತಾರೆ.

ಆ ದಿನಗಳಲ್ಲಿ ನಮ್ಮ ಜನ ಗುಂಪು ಗುಂಪಾಗಿ ಬಸ್ಸು ಹತ್ತುತ್ತಿದ್ದರು. ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನ್‌ವರೆಗೆ ರಸ್ತೆ. ಅಲ್ಲಿಂದ ಬೊಂಬಾಯಿಗೆ ವಿಮಾನ. ಹೊರಟವರ ಕೈಯಲ್ಲಿ ಊರಿಗೆ ಸುದ್ದಿ ಕಳಿಸಲಾ ಎಂದು ಮೈದುನ ಕೇಳಿದ. ಬೇಡ ಎಂದೆ. ಮಗ ಸತ್ತ ಸುದ್ದಿ ನನ್ನ ಅತ್ತೆಗೆ ಯಾರದೋ ಬಾಯಿಯಿಂದ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಂದ ತಿಳಿಯಬಾರದು. ನಾನೇ ಎದುರು ಕುಳಿತು ಹೇಳಬೇಕು.

"ಹಾಗಾದರೆ ಹೊರಡುವ ವೊನಿ."

"ನೋಡುವ" ಎಂದೆ.

ಹೊರಡುವ ಮನಸ್ಸೂ ಇರಲಿಲ್ಲ, ಉಳಿಯುವ ಮನಸ್ಸೂ ಇರಲಿಲ್ಲ. ಗ್ಯಾಸ್ ಹಚ್ಚಿ, ಯಾಕೆ ಹಚ್ಚಿದೆ ಎಂದು ಮರೆತು, ಆರಿಸುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಮೇಲಿನ ಮನೆಯ ಮುದುಕಿ ಬಾಗಿಲು ಬಡಿದರು. ಅವರು ಅರ್ಮೇನಿಯದ ಜನ. ಮೆಟ್ಟಿಲಲ್ಲಿ ಕಂಡಾಗ ನಕ್ಕು ಹೋಗುವುದಷ್ಟೇ ಪರಿಚಯ. ಎಲ್ಲರೂ ಅವರನ್ನು ಮಾದಾಮ್ ಎನ್ನುತ್ತಿದ್ದರು. ಅರಬ್ಬಿ, ಇಂಗ್ಲಿಷ್ ಬೆರೆಸಿ ಕೇಳಿದರು: "ಮೊದಲು ಸಂಜೆ ಹೊತ್ತು ಟಕಟಕ ಶಬ್ದ ಬರುತ್ತಿತ್ತು. ಇಲ್ಲಿಂದಲೇ ಅಲ್ಲವಾ?"

ಇಲ್ಲಿಂದಲೇ. ನನ್ನ ಹತ್ತಿರ ಒಂದು ಸಣ್ಣ ಟೈಪ್‌ರೈಟರ್ ಇತ್ತು. ಹೊರಗಿನ ಕೆಲಸ ಸಿಕ್ಕಿದರೆ ಮಾಡಲೆಂದು ಗಂಡ ತೆಗೆಸಿಕೊಟ್ಟದ್ದು.

"ನನ್ನ ಮುದುಕನಿಗೆ ಒಂದು ಪುಸ್ತಕ ಟೈಪ್ ಆಗಬೇಕು" ಎಂದರು. ನನಗೆ ಆಗುವುದಿಲ್ಲ, ನಮ್ಮ ಮನೆಯಲ್ಲಿ ಹೀಗಾಗಿದೆ ಎಂದು ಹೇಳಹೊರಟೆ. ಮಾದಾಮ್ ನನ್ನ ಕೈ ಹಿಡಿದುಕೊಂಡರು. "ಗೊತ್ತು ಬಿಂತಿ. ಗೊತ್ತಿದ್ದೇ ಬಂದೆ." ಬಿಂತಿ ಎಂದರೆ ಮಗಳೇ.

ಮೇಲೆ ಹೋದೆ. ಅವರ ಗಂಡ ತಮ್ಮ ಸಮುದಾಯದ ಮಕ್ಕಳಿಗೆ ಬಹಳ ವರ್ಷ ಇತಿಹಾಸ ಕಲಿಸಿದ ಮೇಷ್ಟ್ರು. ಉಸ್ತಾದ್ ಎಂದೇ ಕರೆದೆ. ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು. ಮೇಜಿನ ಮೇಲೆ ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳು, ಅವುಗಳ ತುಂಬ ಕೈಬರಹದ ಹಾಳೆಗಳು. ಅವರ ಚರ್ಚಿನ ಪೀಠಾಧಿಪತಿಗಳ ಚರಿತ್ರೆ ಅದು. ಅಂಥವರನ್ನು ಕಥೊಲಿಕೋಸ್ ಎನ್ನುತ್ತಾರೆ, ಎಲ್ಲ ಬಿಷಪರ ಮೇಲಿನವರು. ಜೊತೆಗೆ ಅವರ ಮಠಗಳು, ಆ ಮಠಗಳಲ್ಲಿ ಕುಳಿತು ಚರಿತ್ರೆ ಬರೆದ ಸನ್ಯಾಸಿಗಳು.

"ಇಂಗ್ಲಿಷಿನಲ್ಲಿ ಯಾಕೆ ಬರೆದಿರಿ?" ಎಂದು ಕೇಳಿದೆ.

"ನನ್ನ ಹತ್ತಿರ ಕಲಿತವರು ಕೆನಡಾ, ಅಮೆರಿಕ ಅಂತ ಹೋದರು. ಅವರ ಮಕ್ಕಳಿಗೆ ನಮ್ಮ ಅಕ್ಷರ ಓದಲು ಬಾರದು. ಅವರಿಗಾಗಿ."

ಅಲೆಪ್ಪೊದಲ್ಲಿ ಅವರ ಮಗಳ ಮನೆ. ಒಬ್ಬ ಡ್ರೈವರನಿಗೆ ಹೇಳಿಟ್ಟಿದ್ದರು. ಅವನು ಬಾ ಎಂದ ದಿನ ಹೊರಡಬೇಕು. ಅಲ್ಲಿ ಪರಿಚಯದ ಪ್ರೆಸ್ಸಿನವರು ಅಚ್ಚು ಹಾಕಿ ಕೊಡುತ್ತೇವೆ ಎಂದಿದ್ದರಂತೆ, ಆದರೆ ಟೈಪಾದ ಪ್ರತಿ ಇರಬೇಕು.

"ಈ ಕೈಬರಹ ನನ್ನ ಹೊರತು ಯಾರಿಗೂ ಓದಲಾಗುವುದಿಲ್ಲ. ನನ್ನ ಕಣ್ಣೂ ಇನ್ನು ಹೆಚ್ಚು ದಿನ ಇಲ್ಲ. ಹೊರಡುವ ಮೊದಲು ಆಗದಿದ್ದರೆ ಇದು ಬರೀ ಕಾಗದ" ಎಂದರು.

ಮಾದಾಮ್ ಕಾಫಿ ತಂದಿಟ್ಟರು. "ಯಾವ ಕಥೊಲಿಕೋಸ್ ಯಾವ ಕೋಟೆಯಲ್ಲಿ ಸತ್ತ ಅಂತ ಕೇಳು, ನಿದ್ದೆಯಲ್ಲೂ ಹೇಳುತ್ತಾನೆ. ಸಕ್ಕರೆ ಡಬ್ಬಿ ಎಲ್ಲುಂಟು ಅಂತ ಕೇಳು!"

ಒಂದು ಪೆಟ್ಟಿಗೆ ಎತ್ತಿಕೊಂಡು ಕೆಳಗೆ ಬಂದೆ.

ಮೊದಲ ತೊಂದರೆ ಶಬ್ದದ್ದು. ಸೈನ್ಯದ ವಿರುದ್ಧ ಕರಪತ್ರಗಳು ಓಡಾಡುತ್ತಿದ್ದ ಕಾಲ. ಟೈಪ್‌ರೈಟರ್, ಕಾಪಿ ಮೆಷಿನ್ ಇದ್ದ ಮನೆಗಳ ಮೇಲೆ ಸೈನಿಕರಿಗೆ ಅನುಮಾನ. ಆದ್ದರಿಂದ ಹಗಲಿನಲ್ಲಿ, ರಸ್ತೆಯ ಸದ್ದಿರುವಾಗ ಮಾತ್ರ ಕೆಲಸ. ಮೆಷಿನನ್ನು ಅಡುಗೆಮನೆಗೆ ಒಯ್ದು, ಕೆಳಗೆ ಕಂಬಳಿ ಮಡಚಿ ಹಾಕಿ, ಕಿಟಕಿ ಮುಚ್ಚಿದೆ. ಆದರೂ ಕೇಳುತ್ತದೆ ಎಂದು ಮೆಟ್ಟಿಲಲ್ಲಿ ನಿಂತಿದ್ದ ಮೈದುನ ಬಂದು ಹೇಳಿದ. ಮಾದಾಮ್ ಮೇಲೆ ಹೋಗಿ ತಮ್ಮ ಹಿತ್ತಾಳೆಯ ಒರಳು ಕುಟ್ಟಾಣಿ ತಂದರು. ನನ್ನ ಪಕ್ಕದಲ್ಲೇ ಕುಳಿತು ಬೆಳ್ಳುಳ್ಳಿ ಕುಟ್ಟತೊಡಗಿದರು. ಕುಟ್ಟುವ ಸದ್ದಿನಲ್ಲಿ ಟೈಪಿನ ಸದ್ದು ಮುಳುಗಿಹೋಯಿತು. ಆಮೇಲೆ ದಿನವೂ ಹಾಗೇ. ನಾನು ಸಾಲಿನ ಕೊನೆಗೆ ಬಂದು ನಿಂತರೆ ಅವರ ಕೈಯೂ ನಿಲ್ಲುತ್ತಿತ್ತು. ಆ ತಿಂಗಳು ನಮ್ಮ ಮನೆಯ ಅನ್ನ, ಚಹಾ, ದಿಂಬು ಎಲ್ಲಕ್ಕೂ ಬೆಳ್ಳುಳ್ಳಿ ವಾಸನೆ.

ಉಸ್ತಾದ್ ಒಂದು ಸ್ಟೂಲಿನ ಮೇಲೆ ಕುಳಿತು ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು ಓದಿ ಹೇಳುತ್ತಿದ್ದರು. ನಾನು ಮೇಲೊಂದು ಹಾಳೆ, ನಡುವೆ ಕಾರ್ಬನ್, ಕೆಳಗೊಂದು ಹಾಳೆ ಇಟ್ಟು ಎರಡು ಪ್ರತಿ ತೆಗೆಯುತ್ತಿದ್ದೆ. ತಪ್ಪಾದರೆ ಮೇಲಿನದನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಕೆಳಗಿನದನ್ನು ರಬ್ಬರಿನಿಂದ ಒರೆಸಿ, ಮತ್ತೆ ಅದೇ ಜಾಗಕ್ಕೆ ಅಕ್ಷರ ಹೊಡೆಯಬೇಕು. ಹೊಸ ರಿಬ್ಬನ್ ಎಲ್ಲೂ ಸಿಗಲಿಲ್ಲ. ಇದ್ದದ್ದನ್ನೇ ತಿರುಗಿಸಿ ಹಾಕಿದೆ. ಅದೂ ಮಾಸಿದಾಗ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೊಂದು ಹನಿ ಸವರಿ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಮರುದಿನ ಒಂದಿಷ್ಟು ಶಾಯಿ ಮೇಲೆ ಬರುತ್ತಿತ್ತು.

ಹೆಸರುಗಳದ್ದು ಇನ್ನೊಂದು ಕಷ್ಟ. ಒಂದೇ ಹೆಸರಿನ ಕಥೊಲಿಕೋಸರು ಬೇರೆ ಬೇರೆ ಕಾಲದಲ್ಲಿ ಬರುತ್ತಾರೆ. ಒಬ್ಬ ನೆರ್ಸೆಸ್ ಸತ್ತ ಎಂದು ಟೈಪ್ ಮಾಡಿ ಮುಂದಿನ ಪೆಟ್ಟಿಗೆ ತೆರೆದರೆ ಮತ್ತೊಬ್ಬ ನೆರ್ಸೆಸ್ ಪೀಠಕ್ಕೆ ಬಂದು ಕುಳಿತಿರುತ್ತಾನೆ. ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟು ಕತ್ತರಿಸಿ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಮಾಡಿದೆ: ಆ ಹೆಸರಿನ ಎಷ್ಟನೆಯವರು, ಪೀಠ ಯಾವ ಊರಲ್ಲಿತ್ತು, ಎಲ್ಲಿ ತೀರಿಕೊಂಡರು. ಬಟ್ಟೆಯ ಕ್ಲಿಪ್ ಹಾಕಿ ಅಡುಗೆಮನೆಯ ಹಗ್ಗಕ್ಕೆ ಸಾಲಾಗಿ ಸಿಕ್ಕಿಸಿದೆ.

ಮೈದುನ ನೋಡಿ, "ಏನು ವೊನಿ, ಬಿಷಪರನ್ನು ಒಗೆದು ಒಣಗಲು ಹಾಕಿದ್ದೀರಾ?" ಎಂದ. ಗಂಡ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನಕ್ಕ ಕೂಡಲೇ ಹೆದರಿಕೆಯಾಯಿತು.

ಚೀಟಿ ಮಾಡುತ್ತ ಮಾಡುತ್ತ ನನಗೆ ಒಂದು ಕಂಡಿತು. ಆ ಪೀಠ ಒಂದು ಕಡೆ ನಿಂತದ್ದೇ ಇಲ್ಲ. ಯುದ್ಧ ಬಂದಾಗಲೆಲ್ಲ ಎದ್ದು ನಡೆದಿದೆ. ದ್ವಿನ್ ಎಂಬ ಪಟ್ಟಣದಿಂದ ಸರೋವರದ ನಡುವಿನ ಒಂದು ದ್ವೀಪಕ್ಕೆ, ಅಲ್ಲಿಂದ ಆನಿ ಎಂಬ ರಾಜಧಾನಿಗೆ, ಮುಂದೆ ಯೂಫ್ರೆಟಿಸ್ ನದಿಯ ದಡದ ಒಂದು ಕೋಟೆಗೆ. ಆ ಕೋಟೆಯೂ ಬಿದ್ದು, ಆಗಿನ ಕಥೊಲಿಕೋಸ್ ಸೆರೆಯಾಳಾಗಿ ಹೋದರು. ಆಮೇಲೆ ಸಮುದ್ರದ ಕಡೆಯ ಸಿಸ್ ಎಂಬ ಊರು. ಕೊನೆಗೆ ದ್ವಿನ್‌ಗೂ ಮೊದಲು ಇದ್ದ ಊರಿಗೇ ಪೀಠ ವಾಪಸು.

"ಇಷ್ಟು ಸಲ ಊರು ಬಿಟ್ಟರೆ ಏನು ಉಳಿಯುತ್ತದೆ ಉಸ್ತಾದ್?" ಎಂದು ಕೇಳಿದೆ.

"ಒಯ್ಯಲಾಗುವುದು ಉಳಿಯುತ್ತದೆ. ಕಲ್ಲಿನ ಮಠ ಒಯ್ಯಲಾಗುವುದಿಲ್ಲ. ಪುಸ್ತಕ ಒಯ್ದರು. ಆಗದಿದ್ದರೆ ಗುಹೆಯಲ್ಲಿ ಇಟ್ಟು ಬಾಯಿಗೆ ಕಲ್ಲು ಮುಚ್ಚಿದರು. ವೈರಿ ಕೊಂಡುಹೋದ ಪುಸ್ತಕವನ್ನು, ಸೆರೆಯಾದ ಮನುಷ್ಯನನ್ನು ಬಿಡಿಸುವ ಹಾಗೆ, ಬಿಡಿಸಿ ತಂದರು."

ಚರಿತ್ರೆ ಬರೆದ ಸನ್ಯಾಸಿಗಳಲ್ಲಿ ಒಬ್ಬನ ಕಥೆ ಅವರಿಗೆ ಬಹಳ ಪ್ರೀತಿ. ಅವನು ಗುರುವಿನ ಜೊತೆ ಮಂಗೋಲರ ಸೈನ್ಯಕ್ಕೆ ಸೆರೆಸಿಕ್ಕ. ಓದುಬರಹ ಬಲ್ಲವನೆಂದು ಅವರು ಅವನನ್ನು ಪತ್ರ ಬರೆಯುವ ಕೆಲಸಕ್ಕೆ ಇಟ್ಟುಕೊಂಡರು. ಅವನು ಅವರ ಪತ್ರಗಳನ್ನೂ ಬರೆದ, ಅವರ ಮಾತುಗಳನ್ನೂ ಕಲಿತ, ತಪ್ಪಿಸಿಕೊಂಡು ಬಂದ ಮೇಲೆ ಕಂಡದ್ದನ್ನೆಲ್ಲ ಬರೆದಿಟ್ಟ. ಇದನ್ನು ಹೇಳುವಾಗ ಉಸ್ತಾದ್ ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದರು. ಮಾದಾಮ್ ಕುಟ್ಟಾಣಿ ಎತ್ತಿ ತೋರಿಸಿ, "ಕೂತುಕೋ. ತಪ್ಪಿಸಿಕೊಂಡದ್ದು ಅವನು, ನೀನಲ್ಲ" ಎನ್ನುತ್ತಿದ್ದರು.

ಮಠಗಳ ಭಾಗ ಅರ್ಧವಾಗುವಾಗ ಬಿಳಿ ಹಾಳೆ ಮುಗಿಯಿತು. ಅಂಗಡಿಗಳು ಮುಚ್ಚಿದ್ದವು ಇಲ್ಲವೇ ಲೂಟಿಯಾಗಿದ್ದವು. ನನ್ನ ಗಂಡ ಕಂಪೆನಿಯಲ್ಲಿ ತರಬೇತಿಗೆ ಹೋಗಿದ್ದಾಗ ಕೊಟ್ಟಿದ್ದ ಪಾಠದ ಹಾಳೆಗಳು ಕಪಾಟಿನಲ್ಲಿ ಕಟ್ಟುಗಟ್ಟಲೆ ಇದ್ದವು. ಒಂದು ಬದಿ ಅಚ್ಚು, ಇನ್ನೊಂದು ಬದಿ ಖಾಲಿ. ಒಳ್ಳೆಯ ದಪ್ಪ ಕಾಗದ. ಅಂಚಿನಲ್ಲಿ ಅಲ್ಲಲ್ಲಿ ಅವರ ಪೆನ್ಸಿಲ್ ಅಕ್ಷರ. ನಾನು ಖಾಲಿ ಬದಿಯಲ್ಲಿ ಟೈಪ್ ಮಾಡತೊಡಗಿದೆ. ಕಾಗದ ಸಿಕ್ಕಿತು ಎಂಬುದಕ್ಕಿಂತ, ಅವರ ಕೈ ತಾಗಿದ ಹಾಳೆ ವ್ಯರ್ಥವಾಗದೆ ಎಲ್ಲಿಗೋ ಹೋಗುತ್ತದೆ ಎಂಬ ಸಮಾಧಾನವೇ ನನಗೆ ದೊಡ್ಡದಾಗಿತ್ತು. ಕೆಲವು ದಿನ ಕೆಲಸ ಚೆನ್ನಾಗಿ ಓಡಿತು.

ಒಂದು ಮಧ್ಯಾಹ್ನ ಮೈದುನ ಮುಗಿದ ಹಾಳೆಗಳನ್ನು ಸುಮ್ಮನೆ ತಿರುಗಿಸಿ ನೋಡಿದ.

"ಎಂತ ವೊನಿ ಇದು? ಇದು ಎಂತದ್ದು ಅಂತ ಗೊತ್ತುಂಟಾ ನಿಮಗೆ?"

"ಅಣ್ಣನ ಪಾಠದ ಹಾಳೆ."

"ಪಾಠ ಅಲ್ಲ ಮಾರಾಯ್ತಿ! ರಿಫೈನರಿಯ ಪೈಪ್‌ಲೈನ್ ನಕ್ಷೆ! ವಾಲ್ವ್ ಎಲ್ಲಿ, ಪಂಪ್ ಎಲ್ಲಿ, ಎಲ್ಲ ಉಂಟು. ಈ ಅಜ್ಜ ಇದನ್ನು ಚೆಕ್‌ಪೋಸ್ಟಿನಲ್ಲಿ ತೋರಿಸಿದರೆ ಅವರು ಬಿಷಪರ ಬದಿ ಓದುತ್ತಾರಾ, ಪೈಪಿನ ಬದಿ ಓದುತ್ತಾರಾ?"

ಮೂರು ಜನ ಕುಳಿತು ಇಷ್ಟು ದಿನ ಅಕ್ಷರ ಅಕ್ಷರ ನೋಡಿದ್ದೇವೆ, ಒಬ್ಬರೂ ಹಾಳೆ ಮಗುಚಿ ಅಚ್ಚಿನಲ್ಲಿ ಏನಿದೆ ಎಂದು ನೋಡಿರಲಿಲ್ಲ. ಉಸ್ತಾದ್ ಹಾಳೆಯನ್ನು ಕಣ್ಣಿನ ಹತ್ತಿರ ಒಯ್ದು ನೋಡಿ, ಮೆಲ್ಲಗೆ ನನ್ನ ಮಡಿಲಲ್ಲಿಟ್ಟರು. "ಇದು ನಿನ್ನ ಗಂಡನದ್ದು. ಏನು ಮಾಡಬೇಕೆಂದು ನೀನು ಹೇಳು."

ನಾನೇ ಸುಟ್ಟೆ. ಸಿಂಕಿನಲ್ಲಿ ದೊಡ್ಡ ಪಾತ್ರೆ ಇಟ್ಟು ಒಂದೊಂದೇ ಹಾಳೆ ಹಾಕಿದೆ. ಟೈಪ್ ಮಾಡಿದ್ದನ್ನೂ ಮಾಡದ್ದನ್ನೂ. ಅಂಚಿನ ಪೆನ್ಸಿಲ್ ಅಕ್ಷರದ ಒಂದು ಚೂರನ್ನಾದರೂ ಹರಿದು ಇಟ್ಟುಕೊಳ್ಳಲಾ ಎಂದು ಕೈ ಹೋಯಿತು. ಆ ಚೂರಿನಲ್ಲಿ ಏನು ಬರೆದಿದೆಯೋ, ನನಗೆ ತಿಳಿಯುವ ವಿಷಯವಲ್ಲ. ಅದನ್ನೂ ಹಾಕಿದೆ. ಮೈದುನ ಬೂದಿಗೆ ನೀರು ಬಿಡುತ್ತ ನಿಂತಿದ್ದ. ಅವನ ಅಣ್ಣನ ಅಕ್ಷರ ಅವನಿಗೂ ಗೊತ್ತಿತ್ತಲ್ಲ.

ಮರುದಿನ ಮಾದಾಮ್ ಒಂದು ಕಟ್ಟು ಹೊತ್ತು ತಂದರು. ಉಸ್ತಾದ್ ಪಾಠ ಮಾಡುತ್ತಿದ್ದ ಕಾಲದಲ್ಲಿ ಉಳಿದಿದ್ದ, ಪರೀಕ್ಷೆಗೆ ಉತ್ತರ ಬರೆಯುವ ಗೆರೆ ಹಾಳೆಗಳು. ಮೇಲ್ಗಡೆ ಹೆಸರು, ತರಗತಿ, ವಿಷಯ ಎಂದು ಅಚ್ಚಾಗಿತ್ತು. ಗೆರೆಗೂ ಟೈಪಿನ ಸಾಲಿಗೂ ಹೊಂದುತ್ತಿರಲಿಲ್ಲ. ಗೆರೆ ಇರುವುದನ್ನು ಮರೆತು ಹೊಡೆದೆ. ಸುಟ್ಟ ಭಾಗವನ್ನೆಲ್ಲ ಮತ್ತೆ ಮೊದಲಿನಿಂದ.

ಆ ಹೊತ್ತಿಗೇ ನಮಗೆ ಬಸ್ಸಿನ ಸೀಟು ಬಂತು. ನಮ್ಮ ಜನರನ್ನು ಕಳಿಸುವ ಏರ್ಪಾಡು ನೋಡುತ್ತಿದ್ದ ಹಿರಿಯರೊಬ್ಬರು ಮೈದುನನನ್ನು ಕರೆದು, "ವಿಧವೆ ಇದ್ದಾರೆ ಅಂತ ನಿಮ್ಮ ಹೆಸರು ಮೇಲೆ ಹಾಕಿದ್ದೇನೆ, ಮುಂದಿನ ವಾರ ತಯಾರಿರಿ" ಎಂದಿದ್ದರು. ಪುಸ್ತಕದಲ್ಲಿ ಇತಿಹಾಸಕಾರರ ಭಾಗ ಪೂರ್ತಿ ಬಾಕಿ ಇತ್ತು. ಉಸ್ತಾದರಿಗೆ ಹೇಳಿದೆ. ಅವರು "ಹೋಗು ಮಗಳೇ. ಆದಷ್ಟು ಆಯಿತು" ಎಂದರು. ಹೇಳಿ, ಬಾಕಿ ಇದ್ದ ಪೆಟ್ಟಿಗೆಯ ಮುಚ್ಚಳ ಹಾಕಲು ನೋಡಿದರು. ಮುಚ್ಚಳ ಸರಿಯಾಗಿ ಕೂರಲಿಲ್ಲ.

ಮೈದುನನನ್ನು ಕರೆದು, "ಈ ಬಸ್ಸು ಬೇಡ. ಇದರ ಮುಂದಿನದಕ್ಕೆ ಹೇಳು" ಎಂದೆ.

ಅವನು ಮೊದಲು ತಮಾಷೆ ಎಂದುಕೊಂಡ. ಆಮೇಲೆ ಕೂಗಾಡಿದ. "ಮುಂದಿನ ಬಸ್ಸು ಉಂಟು ಅಂತ ಯಾರು ಹೇಳಿದ್ದು? ಊರಲ್ಲಿ ಅಮ್ಮ ರೇಡಿಯೋ ಹಿಡಿದುಕೊಂಡು ಕೂತಿರಬಹುದು. ನೀವಿಲ್ಲಿ ಯಾರದ್ದೋ ಬಿಷಪರಿಗೆ ಕ್ಲಿಪ್ ಹಾಕುತ್ತ ಕೂತಿದ್ದೀರಿ! ನಮ್ಮ ಬಿಷಪರಾದರೂ ಆಗಿದ್ದರೆ!"

"ನೀನು ಹೋಗು. ನಾನು ಬರುತ್ತೇನೆ."

"ಹೋಗ್ತೇನೆ, ಹೌದು. ಹೋಗಿ ಅಮ್ಮನ ಹತ್ತಿರ ಎಂತ ಹೇಳುವುದು? ಒಬ್ಬನನ್ನು ಹುಗಿದು ಬಂದೆ, ಒಬ್ಬಳನ್ನು ಬಿಟ್ಟು ಬಂದೆ ಅಂತಾ?"

ಅವನೂ ಹೋಗಲಿಲ್ಲ. ಆ ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ನನ್ನ ಗಂಡನಿಗೆ ನಾನು ಏನೂ ಮಾಡಲಾಗಲಿಲ್ಲ, ಎಲ್ಲ ನನ್ನ ಎದುರೇ ಅರ್ಧ ದಿನದಲ್ಲಿ ಮುಗಿದುಹೋಯಿತು. ಈ ಒಂದು ಕೆಲಸವಾದರೂ ನನ್ನ ಕೈಯಲ್ಲಿ ಪೂರ್ತಿಯಾಗಲಿ ಎನಿಸಿತ್ತು. ಇದಕ್ಕಿಂತ ಹೆಚ್ಚಿನ ಕಾರಣ ನನಗೆ ಗೊತ್ತಿಲ್ಲ.

ಎರಡು ದಿನ ಮೈದುನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಬಂದು, "ಟೈಪ್ ಆದದ್ದನ್ನು ಕೊಡಿ. ತಪ್ಪು ನೋಡುವ ಕೆಲಸ ನಾನು ಮಾಡ್ತೇನೆ, ಬೇಗ ಮುಗಿಯಲಿ" ಎಂದ. ಅವನು ಊರಿನ ಚರ್ಚಿನಲ್ಲಿ ಪೂಜೆಯ ಹೊತ್ತು ಬೈಬಲಿನ ವಾಚನ ಓದುತ್ತಿದ್ದವನು. ಅದೇ ರಾಗದಲ್ಲಿ ಗಟ್ಟಿಯಾಗಿ ಓದತೊಡಗಿದ. ಉಸ್ತಾದ್ ಕಣ್ಣು ಮುಚ್ಚಿ ಕೇಳುತ್ತ, ತಪ್ಪಿದ ಕಡೆ ಬೆರಳೆತ್ತುತ್ತಿದ್ದರು.

"ನೀನು ಓದಿದರೆ ನಮ್ಮ ಪಿತೃಗಳೆಲ್ಲ ಇಂಡಿಯದವರಾಗಿಬಿಡುತ್ತಾರೆ" ಎಂದರು ಒಮ್ಮೆ.

"ಒಳ್ಳೆಯದೇ ಆಯ್ತಲ್ಲ ಉಸ್ತಾದ್. ಬಸ್ಸಿನಲ್ಲಿ ಸೀಟಾದರೂ ಸಿಗುತ್ತದೆ."

ಮಾದಾಮ್ ನಕ್ಕು ನಕ್ಕು ಕುಟ್ಟಾಣಿ ಕೆಳಗಿಟ್ಟರು.

ಅಕ್ಟೋಬರ್ ಮೊದಲಿಗೆ ಇತಿಹಾಸಕಾರರ ಭಾಗ ಮುಗಿಯಿತು. ನಾನು ಮೆಷಿನ್ ಮುಚ್ಚಲು ಹೋದಾಗ ಉಸ್ತಾದ್ ತಡೆದರು. "ಇನ್ನೊಂದು ಪುಟ ಉಂಟು. ಹಿಶಾದಗರಾನ್."

ಅವರ ಮಠಗಳಲ್ಲಿ ಪುಸ್ತಕ ಬರೆದು ಮುಗಿಸಿದವರು ಕೊನೆಯಲ್ಲಿ ಒಂದು ನೆನಪಿನ ಬರಹ ಸೇರಿಸುವ ಪದ್ಧತಿ ಇತ್ತಂತೆ. ಅದರ ಹೆಸರು ಹಿಶಾದಗರಾನ್. ಈ ಪುಸ್ತಕ ಯಾವಾಗ, ಯಾರ ಆಳ್ವಿಕೆಯಲ್ಲಿ, ಎಂಥ ಕಷ್ಟದಲ್ಲಿ ಬರೆದದ್ದು. ಚಳಿಗೆ ಶಾಯಿ ಹೇಗೆ ಗಟ್ಟಿಯಾಯಿತು, ಯಾವ ಸೈನ್ಯ ಯಾವ ಊರು ಸುಟ್ಟಿತು. ಕಾಗದ ಉಜ್ಜಿ ನುಣುಪು ಮಾಡಿದವನು ಯಾರು, ಊಟ ತಂದುಕೊಟ್ಟವಳು ಯಾರು. ಎಲ್ಲ ಬರೆದು, ನನ್ನವರು ಇಂತಿಂಥವರು ತೀರಿಕೊಂಡಿದ್ದಾರೆ, ಓದುವವರೇ, ಅವರನ್ನು ನೆನೆಯಿರಿ ಎಂದು ಬೇಡಿಕೊಳ್ಳುವುದು. ರಾಜರ ಚರಿತ್ರೆಯಲ್ಲಿ ಸಿಗದ ಎಷ್ಟೋ ಸಂಗತಿ ಆ ಕೊನೆಯ ಪುಟಗಳಲ್ಲೇ ಸಿಕ್ಕಿದ್ದು ಎಂದರು.

ತಮ್ಮ ಪಾಲನ್ನು ಅವರು ಹೇಳಿದರು, ನಾನು ಟೈಪ್ ಮಾಡಿದೆ. ತಂದೆತಾಯಿಯ ಹೆಸರು, ಕಲಿಸಿದ ಗುರುಗಳ ಹೆಸರು, ಸೈನ್ಯ ಕುವೈತಿಗೆ ಬಂದದ್ದು. ಪುಸ್ತಕ ಬರೆಯುವ ಸದ್ದು ಹೊರಗೆ ಕೇಳದಂತೆ ಹೆಂಡತಿ ಒರಳು ಕುಟ್ಟಿದ್ದನ್ನೂ ಸೇರಿಸಿದರು.

"ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಒಂದು ಅಕ್ಷರ ಇಲ್ಲ. ಬೆಳ್ಳುಳ್ಳಿ ಕುಟ್ಟಿದ್ದಕ್ಕೆ ಪುಸ್ತಕದಲ್ಲಿ ಬಂದೆ!" ಎಂದರು ಮಾದಾಮ್.

"ಇನ್ನು ಬರೆದ ಕೈಯ ಪಾಲು" ಎಂದು ಉಸ್ತಾದ್ ನನ್ನ ಕಡೆ ತಿರುಗಿದರು. "ಅದನ್ನು ನಾನು ಹೇಳುವ ಹಾಗಿಲ್ಲ. ನೀನೇ ಬರೆಯಬೇಕು."

ನಾನು ಆಗುವುದಿಲ್ಲ ಎಂದೆ. ನನ್ನ ಗಂಡನ ಹೆಸರಿನ ಪಕ್ಕ ತೀರಿಕೊಂಡರು ಎಂಬ ಮಾತನ್ನು ನಾನು ಅಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ. ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ನಾಳೆ ಬರೆಯುತ್ತೇನೆ ಎಂದು ಮುಂದೂಡಿದೆ. ಹಾಗೆ ಕೆಲವು ನಾಳೆಗಳು ಹೋದವು.

ಒಂದು ಮಧ್ಯಾಹ್ನ ಡ್ರೈವರ್ ಬಂದು, ಸಂಜೆಗೇ ಹೊರಡಬೇಕು, ಯಲ್ಲಾ, ಬೇಗ ಬೇಗ ಎಂದು ಹೋದ. ಉಸ್ತಾದ್ ಹಾಳೆಗಳನ್ನು ದಾರದಲ್ಲಿ ಕಟ್ಟಿಸಿದರು. ಕೊನೆಯ ಹಾಳೆಯಲ್ಲಿ ಅವರ ಪಾಲಿನ ಕೆಳಗೆ ಜಾಗ ಖಾಲಿ. ನನ್ನನ್ನು ಒತ್ತಾಯ ಮಾಡಲಿಲ್ಲ. ಮಾದಾಮ್ ಮಾತ್ರ ಸಾಮಾನು ಕಟ್ಟುವುದನ್ನು ಬಿಟ್ಟು ಒರಳು ಹಿಡಿದು ಕೆಳಗೆ ಬಂದರು. "ಬೆಳ್ಳುಳ್ಳಿ ಖಲಾಸ್" ಎಂದು, ನನ್ನ ಪಕ್ಕ ಕುಳಿತು, ಬರಿಯ ಒರಳನ್ನೇ ಕುಟ್ಟತೊಡಗಿದರು. ಬರೆ ಎನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕುಟ್ಟುತ್ತಲೇ ಇದ್ದರು.

ನಾನು ಆ ಹಾಳೆಯನ್ನು ಬಿಚ್ಚಿಸಿ ಮೆಷಿನಿಗೆ ಏರಿಸಿದೆ. ಕೆಳಗೆ ಕಾರ್ಬನ್ ಇಡಲಿಲ್ಲ. ಒಂದು ಕಳೆದರೂ ಇನ್ನೊಂದು ಉಳಿಯಲಿ ಎಂದು ಎರಡನೆಯ ಪ್ರತಿ ನನ್ನ ಚೀಲದಲ್ಲಿ ಊರಿಗೆ ಹೋಗುವಂಥದ್ದು. ನಾನು ಬಾಯಿ ತೆರೆಯುವ ಮೊದಲು ಮನೆಯ ಮಕ್ಕಳು ಯಾರಾದರೂ ಅದನ್ನು ತೆಗೆದು ಓದಿಬಿಟ್ಟರೆ ಎಂಬ ಭಯ. ಮೂರು ಸಾಲು ಹೊಡೆದೆ. ಇದನ್ನು ಟೈಪ್ ಮಾಡಿದವಳು ಮಂಗಳೂರು ಕಡೆಯವಳು. ಅವಳ ಗಂಡ ಇದೇ ವರ್ಷ ಇದೇ ಊರಿನಲ್ಲಿ ತೀರಿಕೊಂಡರು. ಓದುವವರು ಅವರನ್ನು ನೆನೆಯಬೇಕು. ನಡುವೆ ಅವರ ಹೆಸರು. ಕೆಳಗೆ ಜಾಗ ಖಾಲಿ ಯಾಕೆ ಎಂದು ಯಾರೂ ಕೇಳದಿರಲಿ ಎಂದು, ಉಸ್ತಾದರ ಪಾಲು ಮಾತ್ರ ಇದ್ದ ಕಾರ್ಬನ್ ಪ್ರತಿಯ ಕೊನೆಯ ಹಾಳೆಯನ್ನೂ ತೆಗೆದುಬಿಟ್ಟೆ.

ಸಂಜೆ ಅವರು ಹೋದರು. ಮೇಲಿನ ಪ್ರತಿ ಅವರ ಬಟ್ಟೆಗಳ ನಡುವೆ ಇತ್ತು.

ನಮಗೆ ಬಸ್ಸು ಸಿಕ್ಕಿದ್ದು ಅದಾಗಿ ಒಂದು ವಾರಕ್ಕೆ. ಬಸ್ರಾದ ಹತ್ತಿರ ಒಬ್ಬ ಸೈನಿಕ ನನ್ನ ಚೀಲ ಮಗುಚಿ ಹಾಳೆಗಳ ಕಟ್ಟು ಎತ್ತಿದ. ನಡುವಿನ ಒಂದು ಹಾಳೆಯ ಮೇಲ್ಗಡೆಯ ಅಚ್ಚು ನೋಡಿ, "ಮುದರ್ರಿಸಾ?" ಎಂದ. ಮೇಷ್ಟ್ರಮ್ಮನಾ ಎಂದು. ಮೈದುನ ಮುಂದೆ ಬಂದು, "ಹೌದು, ಮುದರ್ರಿಸಾ. ಪರೀಕ್ಷೆಯ ಪೇಪರು" ಎಂದ.

ಸೈನಿಕ ತುಂಬ ಚಿಕ್ಕ ವಯಸ್ಸಿನವನು. ಹಾಳೆಗಳನ್ನು ಬೆರಳಿನಿಂದ ಸರ್ರನೆ ಸರಿಸಿ, "ಎಲ್ಲ ಪಾಸಾ?" ಎಂದು ಕೇಳಿದ.

"ಎಲ್ಲ ಪಾಸ್" ಎಂದ ಮೈದುನ.

ಸೈನಿಕ ಕಟ್ಟನ್ನು ಚೀಲಕ್ಕೆ ಹಾಕಿದ. ಬಸ್ಸು ಹೊರಟಿತು.

ಊರು ಮುಟ್ಟಿದೆ. ಅಂಗಳದಲ್ಲಿ ಇಬ್ಬರೇ ಇಳಿದದ್ದನ್ನು ಕಂಡಾಗಲೇ ಅತ್ತೆಗೆ ತಿಳಿದಿತ್ತು. ಆದರೂ ಒಳಗೆ ಕರೆದು, ಎದುರು ಕೂರಿಸಿ, ಹೇಳು ಎಂದರು. ಹೇಳಿದೆ. ಆ ಸಂಜೆಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಮುಂದಿನ ವರ್ಷ ಯುದ್ಧ ಮುಗಿದು, ಮಳೆಗಾಲಕ್ಕೆ ಮೊದಲು ಅಲೆಪ್ಪೊದಿಂದ ಮಾದಾಮರ ಪತ್ರ ಬಂತು. ಬಾಗ್ದಾದ್ ಮುಟ್ಟುವ ಮೊದಲೇ ಒಂದು ಚೆಕ್‌ಪೋಸ್ಟಿನಲ್ಲಿ ಅವರ ಪೆಟ್ಟಿಗೆಗಳನ್ನು ಇಳಿಸಿಕೊಂಡರಂತೆ. ಕೈಬರಹ, ಟೈಪಾದ ಪ್ರತಿ, ಎಲ್ಲ ಹೋಯಿತು. ಮುದುಕನಿಗೆ ಈಗ ಕಣ್ಣು ಪೂರ್ತಿ ಕಾಣುವುದಿಲ್ಲ, ನಿನ್ನ ಹತ್ತಿರದ ಪ್ರತಿ ಉಂಟಾ ಮಗಳೇ ಎಂದು ಕೇಳಿದ್ದರು. ಮೈದುನ ಪೇಟೆಗೆ ಹೋಗಿ ಎಲ್ಲ ಹಾಳೆಗಳ ಕಾಪಿ ತೆಗೆಸಿ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ. ಮಸುಕಾಗಿದ್ದರೂ ಓದಲು ಬರುತ್ತಿತ್ತು.

ಮತ್ತೆ ಪತ್ರ ಬಂತು. ಮಗಳು ಓದಿ ಹೇಳುತ್ತಿದ್ದಾಳೆ, ಉಸ್ತಾದ್ ಬೆರಳೆತ್ತುತ್ತ ಕೇಳುತ್ತಿದ್ದಾರೆ, ಪ್ರೆಸ್ಸಿನವರು ಕಾಯುತ್ತಿದ್ದಾರೆ. ಆದರೆ ಕೊನೆಯ ಪುಟ ಇಲ್ಲ, ಅದು ಬಾರದೆ ಅಚ್ಚಿಗೆ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಅವರ ಪಾಲನ್ನು ಮತ್ತೆ ಹೇಳಿ ಬರೆಸಿದ್ದಾಗಿದೆ. ನಿನ್ನದು ಬಾಕಿ.

ಮೈದುನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೇಳಿ ಒಂದು ಹಳೆಯ ಮೆಷಿನ್ ತಂದ. ಬೆಳಿಗ್ಗೆ ಚಾವಡಿಯಲ್ಲಿ ಕುಳಿತು ಆ ಮೂರು ಸಾಲನ್ನು ನೆನಪು ಮಾಡಿಕೊಂಡು ಹೊಡೆದೆ. ಇಲ್ಲಿ ಯಾರಿಂದಲೂ ಮುಚ್ಚಿಡುವುದಿರಲಿಲ್ಲ. ಅತ್ತೆ ಅಕ್ಕಿ ಆರಿಸುತ್ತ ಎದುರಿಗೇ ಇದ್ದರು. ಅವರನ್ನು ನಾನು ಮಾಯ್ ಎನ್ನುತ್ತೇನೆ. ಓದುಬರಹ ಬಾರದು.

"ಎಂತ ಬರೆದದ್ದು? ಓದು" ಎಂದರು.

ಕೊಂಕಣಿಯಲ್ಲಿ ಹೇಳಿದೆ.

"ಇಷ್ಟೇಯಾ?"

"ಇಷ್ಟೇ ಮಾಯ್."

"ಯಾರ ಮಗ ಅಂತ ಹಾಕಲಿಲ್ಲ. ಅಪ್ಪನ ಹೆಸರಿಲ್ಲ, ನನ್ನ ಹೆಸರಿಲ್ಲ. ಹುಗಿಯುವಾಗ ತಮ್ಮ ಜೊತೆಗಿದ್ದ ಅಂತ ಇಲ್ಲ. ನೆನೆಯುವವರಿಗೆ ಯಾವ ಮನೆಯವನು ಅಂತ ಹೇಗೆ ಗೊತ್ತಾಗಬೇಕು?"

ಸೇರಿಸುತ್ತೇನೆ ಎಂದೆ.

"ಸಣ್ಣವನಿರುವಾಗ ಕತ್ತಲೆಗೆ ಹೆದರುತ್ತಿದ್ದ, ನನ್ನ ಸೆರಗು ಹಿಡಿದೇ ಮಲಗುತ್ತಿದ್ದ. ಅದನ್ನೂ ಹಾಕು."

"ಮಾಯ್, ಇದು ಬಿಷಪರ ಪುಸ್ತಕ. ಅದರಲ್ಲಿ ಅದೆಲ್ಲ ಹಾಕುತ್ತಾರಾ?"

ಮಾಯ್ ಗೆರಸೆ ಕೆಳಗಿಟ್ಟು ನನ್ನನ್ನು ನೋಡಿದರು. "ಯಾಕೆ, ಆ ಬಿಷಪರಿಗೆಲ್ಲ ಅಮ್ಮ ಇರಲಿಲ್ಲವಾ?"

ಆ ಹಾಳೆಯನ್ನು ತೆಗೆದು, ಹೊಸ ಹಾಳೆ ಏರಿಸಿದೆ.

"ಹೇಳಿ ಮಾಯ್" ಎಂದೆ. "ಮೆಲ್ಲಗೆ ಹೇಳಿ."